ಅಬ್ಬಾನ ಗೇಟು ದನಿ

ಓಲ್ಡ್ ಟೌನ್, ಭದ್ರಾವತಿ
4 ಆಗಸ್ಟ್ 2025

ಶಾಂಭವಿ,

ಫೋನ್ ಮಾಡಬೇಡ, ನಿನ್ನ ನಂಬರನ್ನು ಬ್ಲಾಕ್ ಮಾಡಿದ್ದೇನೆ. ಫೋನಿನಲ್ಲಾದರೆ ನಾನು ಒಂದು ಹೇಳುವಷ್ಟರಲ್ಲಿ ನೀನು ಹತ್ತು ಹೇಳಿ ನನ್ನ ಬಾಯಿ ಮುಚ್ಚಿಸುತ್ತೀಯ. ಕಾಲೇಜಿನಿಂದಲೂ ನಿನ್ನದು ಅದೇ ಚಾಳಿ. ಕಾಗದಕ್ಕೆ ಅಡ್ಡಬಾಯಿ ಹಾಕಲು ಬರುವುದಿಲ್ಲ. ಅದಕ್ಕೇ ಅರ್ಧ ಗಂಟೆ ಬಸ್ಸಿನ ದಾರಿಗೆ ಸ್ಟಾಂಪು ಹಚ್ಚಿ ಬರೆಯುತ್ತಿದ್ದೇನೆ. ಕೂತು ಓದು.

ಗಂಟಲಿನ ಆಪರೇಷನ್ ಆಗಿ ದನಿಪೆಟ್ಟಿಗೆ ತೆಗೆದ ಮೇಲೆ ಅಬ್ಬಾ ಮನೆಯಿಂದ ಹೊರಗೆ ಹೋಗುವುದೇ ಅಪರೂಪವಾಗಿತ್ತು. ನಿನ್ನೆ ಭಾನುವಾರ ಏನನ್ನಿಸಿತೋ, ಕೊರಳಿಗೆ ಟವೆಲ್ ಸುತ್ತಿಕೊಂಡು, ಸ್ಲೇಟು ಬಳಪ ಹಿಡಿದುಕೊಂಡು ಟೀ ಅಂಗಡಿಗೆ ಹೋದರು. ಅಲ್ಲಿ ಗ್ಯಾರೇಜಿನ ಹಸ್ನೈನ್ ಮತ್ತು ಅವನ ಗೆಳೆಯರು ಫೋನಿನಲ್ಲಿ ಗೇಮ್ ಆಡುತ್ತಿದ್ದರಂತೆ. "ಚಾಚಾ, ಇಲ್ ನೋಡಿ, ನಿಮ್ಮ ದನಿ!" ಅಂತ ಕರೆದು ಪಕ್ಕ ಕೂರಿಸಿಕೊಂಡಿದ್ದಾನೆ.

ಯಾವ ಗೇಮು ಅಂತ ನಿನಗೆ ಹೇಳಬೇಕಾಗಿಲ್ಲ. 'ಕೆಂಡದೂರು'. ನೀನೂ ನಾನೂ ಹಾಸ್ಟೆಲ್ ಕೋಣೆಯಲ್ಲಿ ಕೂತು ಬೀದಿ ಬೀದಿ ಕಟ್ಟಿದ ಊರು. ಆಡುವವನು ಕಾರ್ಖಾನೆಗೆ ಹೊಸದಾಗಿ ಸೇರಿದ ಕೂಲಿ. ಊರೆಲ್ಲ ಅಡ್ಡಾಡಿ ಜನರ ಹತ್ತಿರ ಮಾತಾಡುತ್ತಾನೆ, ಅವನು ಆರಿಸಿದ ಉತ್ತರದ ಹಾಗೆ ಕಥೆ ತಿರುಗುತ್ತದೆ. ಕಾರ್ಖಾನೆ ಮುಚ್ಚುವ ಹೊತ್ತಿಗೆ, ಮಾಲೀಕರು ಯಂತ್ರಗಳನ್ನು ಸಾಗಿಸದ ಹಾಗೆ, ಗುತ್ತಿಗೆ ಕೂಲಿಗಳನ್ನು ಗೇಟಿಗೆ ಅಡ್ಡ ನಿಲ್ಲಿಸಿ ಹಿಡಿದಿಡುವ ಮುಖಂಡ ಅಬ್ಬಾಸಣ್ಣ. ಆ ಪಾತ್ರ ನನ್ನ ಅಪ್ಪ ಅಬ್ಬಾಸ್ ಅಲಿಯೇ ಅಂತ ನೀನೇ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಆಪರೇಷನ್‌ಗೆ ಮುಂಚೆ ಅವರನ್ನು ಶಿವಮೊಗ್ಗಕ್ಕೆ ಕರೆಸಿಕೊಂಡು, ಮೈಕಿನ ಮುಂದೆ ಕೂರಿಸಿ, ಅವರ ಗೇಟು ಭಾಷಣವನ್ನೆಲ್ಲ ರೆಕಾರ್ಡ್ ಮಾಡಿಕೊಂಡೆ. "ಚಾಚಾ, ದನಿ ಹೋದ್ರೂ ಇಲ್ಲಿ ಉಳಿಯುತ್ತೆ" ಅಂದೆ. ಇಂಗ್ಲಿಷ್ ಕಾಗದ ಮುಂದಿಟ್ಟೆ. "ಸಹಿ ಹಾಕಿ ಅಬ್ಬಾ, ನಮ್ಮ ಶಾಂಭವಿ ತಾನೇ" ಅಂದವಳು ನಾನೇ.

ನಿನ್ನೆ ಸಂಜೆ ನಾನೇ ಹೋಗಿ ಆ ಫೋನು ಇಸಿದುಕೊಂಡು ನೋಡಿದೆ. ಅಬ್ಬಾಸಣ್ಣನ ತಲೆಗೆ ಟೋಪಿ, ಕಣ್ಣಿಗೆ ಸುರ್ಮಾ, ಮಾತಿಗೊಮ್ಮೆ "ಜನಾಬ್". ಭದ್ರಾವತಿಯಲ್ಲಿ ಯಾರು ಯಾರಿಗೆ ಜನಾಬ್ ಅಂದದ್ದನ್ನು ಕೇಳಿದ್ದೀಯ? ಅದನ್ನೂ ನುಂಗಿಕೊಳ್ಳುತ್ತಿದ್ದೆ. ಕೊನೆಯ ಗೇಟ್ ಮೀಟಿಂಗಿನಲ್ಲಿ ಅಬ್ಬಾಸಣ್ಣ ಎದ್ದು ನಿಂತು, ನನ್ನ ಅಪ್ಪನ ದನಿಯಲ್ಲಿ, ಅದೇ ಗಡಸು, ಅದೇ ಉಸಿರಿನಲ್ಲಿ ಹೇಳುತ್ತಾನೆ: "ಗೇಟು ತೆಗೀರಿ. ಮಾಲೀಕ್ರ ಹತ್ರ ನನ್ನ ಮಾತುಕತೆ ಮುಗಿದಿದೆ. ನಿಮ್ಮ ಪಾಡು ನಿಮಗೆ, ನನ್ನ ಪಾಲು ನನಗೆ."

ಇದನ್ನು ಅವರು ಯಾವತ್ತೂ ಹೇಳಿಲ್ಲ. ಗೇಟಿನಲ್ಲೂ ಇಲ್ಲ, ನಿನ್ನ ಮೈಕಿನ ಮುಂದೆಯೂ ಇಲ್ಲ. ಯಂತ್ರಕ್ಕೆ ಅವರ ದನಿ ಕಲಿಸಿ ಹೇಳಿಸಿದ್ದೀರಿ.

ಹುಡುಗರು ನಕ್ಕರಂತೆ. ಅಬ್ಬಾ ಮನೆಗೆ ಬಂದು ಮಂಚದ ಮೇಲೆ ಕೂತು ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಬರೆದರು: "ಇದನ್ನ ನಾನು ಯಾವಾಗ ಹೇಳಿದೆ?" ನನಗೆ ಅರ್ಥವಾಗಲಿಲ್ಲ. ಅಳಿಸಿ ಮತ್ತೆ ಬರೆದರು: "ಆಸ್ಪತ್ರೇಲಿ ಮಂಪರಲ್ಲಿ ಹೇಳಿದ್ನಾ? ನಿಜ ಹೇಳು."

ಮನುಷ್ಯನಿಗೆ ತನ್ನ ಮೇಲೇ ಅನುಮಾನ ಹುಟ್ಟಿಸಿಬಿಟ್ಟಿರಲ್ಲ, ಶಾಂಭವಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರೆ. ನಿಮ್ಮದು ನಿಜವಾಗಿಯೂ ಆಟವೇ.

ಅದನ್ನು ತೆಗೆಸು. ತೆಗೆಸಿದ ಮೇಲೆ ಬರೆ.

ಹುಮಾ


ಶಿವಮೊಗ್ಗ
11 ಆಗಸ್ಟ್ 2025

ಪ್ರೀತಿಯ ಹುಮಾ,

ಬೈಗುಳ ತಲುಪಿತು. ಬಸ್ಸಿನಲ್ಲಿ ಬಂದು ಬೈದಿದ್ದರೆ ಊಟವನ್ನಾದರೂ ಹಾಕುತ್ತಿದ್ದೆ.

ಚಾಚಾ ಸ್ಲೇಟಿನಲ್ಲಿ ಬರೆದದ್ದನ್ನು ಓದಿ ನನಗೆ ಅನ್ನ ಸೇರಲಿಲ್ಲ. ಅದನ್ನು ಮೊದಲು ಹೇಳುತ್ತೇನೆ. ಈಗ ನನ್ನ ಮಾತನ್ನೂ ಪೂರ್ತಿ ಓದು, ನೀನೂ ಅಡ್ಡಬಾಯಿ ಹಾಕುವ ಹಾಗಿಲ್ಲ.

ನಾನು ಬರೆದ ಅಬ್ಬಾಸಣ್ಣ ಕೊನೆತನಕ ಗೇಟು ಬಿಡುವುದಿಲ್ಲ. ಆ ಅಧ್ಯಾಯ ಇನ್ನೂ ನನ್ನ ಹತ್ತಿರ ಇದೆ. ಆದರೆ ಆಡಿ ನೋಡಿದವರೆಲ್ಲ "ಮುಖಂಡ ಒಳ್ಳೆಯವನು ಅಂತ ಮೊದಲೇ ಗೊತ್ತಾಗುತ್ತೆ, ಉಪ್ಪಿಲ್ಲದ ಸಾರು" ಅಂದರು. ಪುಣೆಯ ಹೂಡಿಕೆದಾರರು ತಿರುವು ಬೇಕು ಅಂದರು. ನಮ್ಮ ಮಾಲೀಕ ವಿಜಯೇಂದ್ರ ಒಂದು ಮಾತು ಹೇಳಿದ, ನನಗೆ ಆಗ ಸರಿಯೆನಿಸಿತ್ತು. ಮುಸ್ಲಿಂ ಪಾತ್ರ ಅಂದಕೂಡಲೇ ಅವನನ್ನು ದೇವರ ಪಟ ಮಾಡಿ ಗೋಡೆಗೆ ತೂಗುಹಾಕುವುದೂ ಒಂದು ಅವಮಾನವೇ, ಅವನಿಗೂ ಆಸೆ, ಭಯ, ತಪ್ಪು ಮಾಡುವ ಹಕ್ಕು ಕೊಡಬೇಕು ಅಂತ. ನೀನೇ ಹಿಂದೆ ಹೇಳುತ್ತಿದ್ದೆಯಲ್ಲ, ನಮ್ಮವರು ಕಥೆಗಳಲ್ಲಿ ಒಂದೋ ಬಿರಿಯಾನಿ ಕೊಡುವವರು, ಇಲ್ಲ ಬಾಂಬ್ ಇಡುವವರು ಅಂತ? ಅದೆರಡೂ ಅಲ್ಲದ ಮನುಷ್ಯನನ್ನು ಮಾಡಲು ಹೊರಟೆವು.

ದನಿಯ ವಿಷಯ. ತಿರುವು ಬಂದಾಗ ಚಾಚಾ ಆಸ್ಪತ್ರೆಯಲ್ಲಿದ್ದರು. ಹೊಸ ಮಾತು ಹೇಳಲು ಅವರಿಗೆ ಗಂಟಲಿರಲಿಲ್ಲ. ಎಐ ಹೇಳಿತು. ನಿನಗೆ ಹೇಳಬೇಕೆಂದು ಮೂರ್ನಾಲ್ಕು ಸಲ ಫೋನ್ ಎತ್ತಿಕೊಂಡೆ. ನೀನು ಐಸಿಯು ಬಾಗಿಲಲ್ಲಿ ಕೂತಿದ್ದೆ. ಆ ಹೊತ್ತಿನಲ್ಲಿ ಹೇಗೆ ಹೇಳಲಿ? ಆಮೇಲೆ ಹೇಳಲು ತಡವಾಗಿಹೋಗಿತ್ತು.

ಒಂದು ಸಮಾಧಾನ ಇದೆ, ಬೇಕಾದರೆ ತಗೋ. ಚಾಚಾ ಗೇಟಿನಲ್ಲಿ ಒಂದು ಮಾತನ್ನೂ ಒಂದೇ ಸಲ ಹೇಳಿದವರಲ್ಲ. ಕನ್ನಡದಲ್ಲಿ, ತಮಿಳಿನಲ್ಲಿ, ದಖನಿ ಉರ್ದುವಿನಲ್ಲಿ, ಮೂರು ಸಲ. ನನ್ನ ರೆಕಾರ್ಡಿಂಗಿನಲ್ಲೂ ಹಾಗೇ ಹೇಳಿದ್ದರು: "ಗೇಟು ತೆಗೀಬೇಡಿ. ಗೇಟ್ ತೊರಕ್ಕಾದೀಂಗ. ಗೇಟ್ ನಕ್ಕೋ ಖೋಲೋ." ಅವರಿಗೊಂದು ಹೇಳಿದ, ಇವರಿಗೊಂದು ಹೇಳಿದ ಅನ್ನುವ ಮಾತು ಬರಬಾರದೆಂದು. ಆಡುವವರಿಗೆ ಬೇಸರವಾಗುತ್ತದೆಂದು ಅದನ್ನು ಕತ್ತರಿಸಿದರು. ಈಗ ಆ ಸುಳ್ಳು ಮಾತು ಒಂದೇ ಭಾಷೆಯಲ್ಲಿದೆ. ಗೇಟಿನಲ್ಲಿ ನಿಂತಿದ್ದವರಿಗೆಲ್ಲ ಇದು ಅಬ್ಬಾಸ್ ಅಲಿಯ ಮಾತಲ್ಲ ಅಂತ ಗೊತ್ತಾಗುತ್ತದೆ.

ಇನ್ನೊಂದು. ನೀನು ಈ ಗೇಮನ್ನು ಅರ್ಧಕ್ಕೆ ಬಿಟ್ಟು ಊರಿಗೆ ಹೋಗಿ ಜೆರಾಕ್ಸ್ ಅಂಗಡಿ ಹಾಕಿಕೊಂಡೆ. ಕೈ ಕೆಸರಾಗಲಿಲ್ಲ. ನಾನು ಉಳಿದೆ. ಬಂಡವಾಳ ಹಾಕುವವರಿಲ್ಲದೆ ಈ ಕಥೆ ಹಾಸ್ಟೆಲ್ ಕೋಣೆಯಲ್ಲೇ ಧೂಳು ತಿನ್ನುತ್ತಿತ್ತು. ಇವತ್ತು ಎಲ್ಲೆಲ್ಲಿಯ ಹುಡುಗರೋ ಗುತ್ತಿಗೆ ಕೂಲಿ ಅಂದರೇನು ಅಂತ ಕೇಳುತ್ತಿದ್ದಾರೆ. ಅದು ಏನೂ ಅಲ್ಲವಾ?

ನಿನ್ನ
ಶಾಂಭವಿ


ಓಲ್ಡ್ ಟೌನ್, ಭದ್ರಾವತಿ
20 ಆಗಸ್ಟ್ 2025

ಶಾಂಭವಿ,

ಸಮಾಧಾನ ಬೇಡ, ನೀನೇ ಇಟ್ಟುಕೋ.

ಗೇಟಿನಲ್ಲಿ ನಿಂತಿದ್ದವರಿಗೆ ಗೊತ್ತಾಗುತ್ತದಂತೆ. ಅವರಲ್ಲಿ ಅರ್ಧ ಜನ ಮಣ್ಣಾಗಿದ್ದಾರೆ. ಉಳಿದವರ ಕೈಯಲ್ಲಿ ಗೇಮ್ ಆಡುವ ಫೋನಿಲ್ಲ. ಆಡುತ್ತಿರುವವರು ಹಸ್ನೈನ್ ವಯಸ್ಸಿನವರು. ಅವರು ಹುಟ್ಟುವಾಗ ಗೇಟಿಗೆ ಬೀಗ ಬಿದ್ದಾಗಿತ್ತು. ಈಗ ನಮ್ಮ ಬೀದಿಯಲ್ಲಿ ಅಬ್ಬಾಗೆ ಹೊಸ ಹೆಸರು ಬಂದಿದೆ, ಕೇಳು. 'ನನ್ನ ಪಾಲು ಚಾಚಾ'. ತಮಾಷೆಗೆ ಕರೆಯುತ್ತಾರೆ. ಅಬ್ಬಾ ಟೀ ಅಂಗಡಿಗೆ ಹೋಗುವುದನ್ನು ನಿಲ್ಲಿಸಿದ್ದಾರೆ. ಅಮ್ಮಿ ಹೋಗಿ ಹಸ್ನೈನನ ಕಿವಿ ಹಿಂಡಿ ಬಂದಳು. ಅವನೊಬ್ಬನ ಕಿವಿ ಹಿಂಡಬಹುದು, ಡೌನ್‌ಲೋಡ್ ಮಾಡಿಕೊಂಡವರ ಕಿವಿಯನ್ನೆಲ್ಲ ಎಲ್ಲಿ ಹುಡುಕಲಿ?

ತಪ್ಪು ಮಾಡುವ ಹಕ್ಕಂತೆ! ನಾನೂ ಆ ಗೇಮನ್ನು ಇಲ್ಲಿಯತನಕ ಬಂದಷ್ಟನ್ನೂ ಕೂತು ಆಡಿದೆ. ಹೊಟ್ಟೆ ಉರಿಯಿತು. ನಿಮ್ಮ ಕಾರ್ಖಾನೆ ಮಾಲೀಕನಿಗೆ ಸತ್ತ ಮಗಳಿದ್ದಾಳೆ, ಅವಳು ಸಾಕಿದ ನಾಯಿಯಿದೆ, ಅವನು ಒಬ್ಬನೇ ಕೂತು ಪಿಟೀಲು ಕೇಳಿ ಕಣ್ಣೀರು ಹಾಕುತ್ತಾನೆ. ಆಡುವವನಿಗೆ ಅವನನ್ನು ಕ್ಷಮಿಸುವ ಅವಕಾಶ ಇದೆ. ಬಟನ್ನೇ ಇದೆ! ಅಬ್ಬಾಸಣ್ಣನಿಗೆ ಹೆಂಡತಿಯಿಲ್ಲ, ಮನೆಯಿಲ್ಲ, ಅವನು ಉಣ್ಣುವುದನ್ನು ಯಾರೂ ನೋಡಿಲ್ಲ. ಗೇಟು ತೆಗೆಯುತ್ತಾನೆ, ಜನ ಅವನನ್ನು ಹೊಡೆಯುತ್ತಾರೆ, ಮುಗಿಯಿತು. ಮನುಷ್ಯತ್ವವನ್ನೆಲ್ಲ ಮಾಲೀಕನಿಗೆ ಬಡಿಸಿ, ತಪ್ಪನ್ನು ಮಾತ್ರ ನಮಗೆ ಬಿಟ್ಟಿದ್ದೀರಿ. ಊರಿಡೀ ಗೇಮಿನಲ್ಲಿ ನಮ್ಮ ಜನರ ಹೆಸರಿರುವುದು ಅವನೊಬ್ಬನಿಗೆ. ಆ ಒಬ್ಬ ಊರನ್ನು ಮಾರುತ್ತಾನೆ. ಇದು ತಿರುವಾ? ಇದು ಟಿವಿ ಚಾನೆಲ್ಲುಗಳು ದಿನಾ ಹೇಳುವ ಕಥೆ. ಇದಕ್ಕೆ ನಿನ್ನಂಥ ಬರಹಗಾರ್ತಿ ಬೇಕಾಗಿತ್ತಾ ಮಾರಾಯ್ತಿ?

ಬಂಡವಾಳದ ಮಾತೆತ್ತಿದೆಯಲ್ಲ, ಅದಕ್ಕೂ ಉತ್ತರ ತಗೋ. ನಿಮ್ಮ ಗೇಮಿನಲ್ಲಿ ಮುಷ್ಕರಕ್ಕೆ ಕೂರಬೇಕಾದರೆ ಕೆಂಪು ಬಾವುಟ ಬೇಕು. ಆ ಬಾವುಟಕ್ಕೆ ದುಡ್ಡು ಕೊಡಬೇಕು, ನಿಜವಾದ ದುಡ್ಡು. ಕೊಡದಿದ್ದರೆ ನಾನು ಆಡಿಸುವ ಕೂಲಿ ಹಸಿವಿನಿಂದ ಬೇಗ ಸಾಯುತ್ತಾನೆ. ಅಬ್ಬಾಗೆ ಇದನ್ನು ಹೇಳಿದೆ. ನಂಬಲಿಲ್ಲ, ತೋರಿಸಿದೆ. ಗಾಳಿ ಹೊರಬರುವ ಆ ಕೊರಳಿನ ತೂತಿನಿಂದ ಏನೋ ಸದ್ದು ಮಾಡಿದರು. ಆಪರೇಷನ್ ಆದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಜೀವಮಾನವಿಡೀ ಕ್ರೇನಿನ ಮೇಲೆ ಕೂತು ಗುತ್ತಿಗೆ ಕೂಲಿಯಾಗಿ ಕೈ ಕೊಟ್ಟರು, ಬೆನ್ನು ಕೊಟ್ಟರು. ಖಾಯಂ ಮಾಡಲಿಲ್ಲ. ಗಂಟಲೊಂದು ಅವರದೇ ಆಗಿತ್ತು. ಅದನ್ನೂ ನೀವು ಗುತ್ತಿಗೆಗೆ ತಗೊಂಡಿರಿ. ಗಂಟಲು ಸತ್ತ ಮೇಲೂ ದುಡಿಸುತ್ತಿದ್ದೀರಿ.

ಇನ್ನು ನನ್ನ ಜೆರಾಕ್ಸ್ ಅಂಗಡಿ. ಹೌದು, ಬಿಟ್ಟು ಬಂದೆ. ಇಲ್ಲಿ ಒಂದು ಕಾಗದ ಕೊಟ್ಟರೆ ಅದೇ ಕಾಗದ ಹೊರಗೆ ಬರುತ್ತದೆ. ಬೇರೆಯವರ ಕಾಗದಕ್ಕೆ ನಾನು ತಿರುವು ಕೊಡುವುದಿಲ್ಲ.

ಹುಮಾ


ಶಿವಮೊಗ್ಗ
15 ಸೆಪ್ಟೆಂಬರ್ 2025

ಹುಮಾ,

ಉತ್ತರ ಬರೆದು ಬರೆದು ಹರಿದು ಹಾಕಿದೆ. ಎಲ್ಲದರಲ್ಲೂ ನಾನೇ ಒಳ್ಳೆಯವಳಾಗಿ ಕಾಣುತ್ತಿದ್ದೆ.

ಹೋದ ವಾರ ನಿಮ್ಮ ಮನೆಗೆಂದು ಬಸ್ಸು ಹತ್ತಿದೆ. ಮಲವಗೊಪ್ಪ ಬರುವಷ್ಟರಲ್ಲಿ ಚಾಚಾ ಮುಖ ಹೇಗೆ ನೋಡಲಿ ಅನ್ನಿಸಿ ಇಳಿದುಬಿಟ್ಟೆ. ಅಲ್ಲಿಯ ದೇವಸ್ಥಾನದ ಹತ್ತಿರ ರಸ್ತೆ ದಾಟಿ ನಿಂತು ತಿರುಗಿ ಬರುವ ಬಸ್ಸು ಹಿಡಿದೆ. ಕಂಡಕ್ಟರ್ "ಏನಮ್ಮ, ದೇವ್ರಿಗೆ ಕೈ ಮುಗ್ದು ಬಂದ್ರಾ?" ಅಂದ. ಹೇಡಿ ಅಂತ ಬೈದುಕೋ, ಪರವಾಗಿಲ್ಲ.

ಅಲ್ಲಿಂದ ನೇರ ದುರ್ಗಿಗುಡಿಯ ನಮ್ಮ ಆಫೀಸಿಗೆ ಹೋದೆ. ಬಟ್ಟೆ ಅಂಗಡಿ ಮೇಲಿನ ಮಹಡಿ, ನೀನು ನೋಡಿದ್ದೀಯ. ನಿನ್ನ ಕಾಗದವನ್ನು ವಿಜಯೇಂದ್ರನ ಮುಂದಿಟ್ಟೆ. ಪೂರ್ತಿ ಓದಿದ. ಆಮೇಲೆ ಹೇಳಿದ, "ತುಂಬಾ ಚೆನ್ನಾಗ್ ಬರೀತಾರೆ ಕಣ್ರಿ ನಿಮ್ ಫ್ರೆಂಡು. ಈ ಸಿಟ್ಟನ್ನೇ ಗೇಮಲ್ಲಿ ಹಾಕ್ಬಹುದಲ್ಲ? ಮಗಳ ಪಾತ್ರ ಒಂದು ಸೇರಿಸೋಣ."

ಹುಮಾ, ನಿನ್ನ ಹೊಟ್ಟೆಯ ಬೆಂಕಿಯನ್ನು ಅವನು ಬೀಡಿ ಹಚ್ಚಲು ಕೇಳುತ್ತಿದ್ದ. ನಾನು ದನಿ ತೆಗೆಯಿರಿ ಅಂದೆ. ಅವನು ಕಾಗದಕ್ಕೆ ಸಹಿಯಿದೆ ಅಂದ. ಸಹಿ ಹಾಕಿದವರಿಗೆ ಅದನ್ನು ಓದಿ ಹೇಳಿರಲಿಲ್ಲ ಅಂದೆ. "ಓದಿ ಹೇಳ್ಬೇಕಾಗಿದ್ದು ನೀವು" ಅಂದ. ನಿಜವೇ. ಕೊನೆಗೆ ತಲೆ ಸವರುವ ಹಾಗೆ ಹೇಳಿದ, "ಶಾಂಭವಿ, ನಮ್ದು ಬಂಡವಾಳಶಾಹಿ ವಿರುದ್ಧದ ಗೇಮು. ಬಂಡವಾಳ ವಾಪಸ್ ಹೋದ್ರೆ ವಿರುದ್ಧ ಮಾತಾಡೋಕೂ ಯಾರೂ ಇರಲ್ಲ."

ಆವತ್ತಿನಿಂದ ನಾನು ಬರೆಯುವುದನ್ನು ನಿಲ್ಲಿಸಿದ್ದೇನೆ. ಈಗ ಫೋನುಗಳಲ್ಲಿರುವುದು ಗೇಟು ತೆಗೆಯುವ ತನಕದ ಭಾಗ ಮಾತ್ರ. ಡಿಸೆಂಬರಿನಲ್ಲಿ ಪೂರ್ತಿ ಗೇಮು ಬರಬೇಕು, ಆಮೇಲಿನ ಕೊನೆಯ ಅಧ್ಯಾಯದ ಮಾತುಗಳು ಇನ್ನೂ ಆಗಿಲ್ಲ. ದಿನಾ ಆಫೀಸಿಗೆ ಹೋಗುತ್ತೇನೆ, ಕಂಪ್ಯೂಟರ್ ಮುಂದೆ ಕೂರುತ್ತೇನೆ, ಒಂದಕ್ಷರ ಬರೆಯುವುದಿಲ್ಲ. ಚಾಚಾ ದನಿ ಹೊರಗೆ ಬರುವ ತನಕ ಬರೆಯುವುದಿಲ್ಲ ಅಂತ ಹೇಳಿಯೇ ಕೂತಿದ್ದೇನೆ.

ಇದನ್ನು ಓದಿ ನೀನು ಕರಗಬೇಕಾಗಿಲ್ಲ.

ಶಾಂಭವಿ


ಓಲ್ಡ್ ಟೌನ್, ಭದ್ರಾವತಿ
29 ಸೆಪ್ಟೆಂಬರ್ 2025

ಶಾಂಭವಿ,

ಕರಗಿಲ್ಲ. ನಿನ್ನ ಕಾಗದವನ್ನು ಅಬ್ಬಾಗೆ ಓದಿ ಹೇಳಿದೆ, ಅಷ್ಟೇ.

ಮಗಳ ಪಾತ್ರವಂತಾ? ಆ ಮಹಾಶಯನಿಗೆ ಹೇಳು, ಮಗಳ ಪಾತ್ರಕ್ಕೆ ಚಪ್ಪಲಿಯ ಸೈಜು ಬೇಕಾದರೆ ಬರೆದು ಕಳಿಸುತ್ತೇನೆ.

ನೀನು ಬರೆಯದೆ ಕೂತಿದ್ದೀಯ ಅನ್ನುವಲ್ಲಿ ಅಬ್ಬಾ ಕೈಯೆತ್ತಿ ನಿಲ್ಲಿಸಿದರು. ಸ್ಲೇಟು ತಗೊಂಡು ಬರೆದರು: "ಒಬ್ಬರೇ ಕೂತ್ರೆ ಮುಷ್ಕರ ಅಲ್ಲ, ರಜೆ." ಅಮ್ಮಿ ನಕ್ಕಳು. ನನಗೂ ನಗು ಬಂತು, ಬಂದದ್ದಕ್ಕೆ ಸಿಟ್ಟೂ ಬಂತು. ಆಮೇಲೆ ಬರೆದರು: "ಬೇರೆಯವರ ಸಂಬಳ ಹೆಂಗಿದೆ ಕೇಳು." ನಿಮ್ಮ ಆಫೀಸಿನಲ್ಲಿ ಚಿತ್ರ ಬಿಡಿಸುವವರು, ಗೇಮನ್ನು ದಿನವಿಡೀ ಆಡಿ ತಪ್ಪು ಹುಡುಕುವವರು ಇದ್ದಾರಲ್ಲ, ಅವರಿಗೆ ನೇಮಕದ ಕಾಗದ ಕೊಟ್ಟಿದ್ದಾರಾ? ರಜೆ ಇದೆಯಾ? ಗುತ್ತಿಗೆ ಕೂಲಿಯ ಕಥೆ ಮಾಡುವವರು ಏನಾಗಿ ಕೆಲಸ ಮಾಡುತ್ತಿದ್ದಾರೆ?

ಅಬ್ಬಾ ಕೇಳಿದ್ದನ್ನು ಬರೆದಿದ್ದೇನೆ. ನಾನೇನೂ ಕೇಳುತ್ತಿಲ್ಲ. ಟೀ ಅಂಗಡಿಗೆ ಅವರು ಇನ್ನೂ ಹೋಗುತ್ತಿಲ್ಲ.

ಹುಮಾ


ಶಿವಮೊಗ್ಗ
2 ನವೆಂಬರ್ 2025

ಹುಮಾ,

ಒಂದು ತಿಂಗಳು ಬರೆಯಲಿಲ್ಲ. ಹೇಳುವಂಥದ್ದು ಏನಾದರೂ ಆಗಲಿ ಅಂತ ಕಾಯುತ್ತಿದ್ದೆ. ಆಯಿತು.

ಚಾಚಾ ಕೇಳಿದ ಹಾಗೆ ಕೇಳಿದೆ. ತನುಜಾ ಅಂತ ನಮ್ಮಲ್ಲಿ ಗೇಮು ಪರೀಕ್ಷೆ ಮಾಡುವವಳು. ಮೂರು ವರ್ಷದಿಂದ ಇದ್ದಾಳೆ, ಇವತ್ತಿಗೂ ನೇಮಕದ ಕಾಗದವಿಲ್ಲ. ಮಗುವಿಗೆ ಜ್ವರ ಬಂದು ಮನೆಯಲ್ಲಿ ಉಳಿದರೆ ಆ ದಿನದ ಕೂಲಿ ಇಲ್ಲ. ಅವಳ ಪಕ್ಕದ ಕುರ್ಚಿಯಲ್ಲಿ ನಾನು ಇಷ್ಟು ದಿನ ಗುತ್ತಿಗೆ ಕೂಲಿಯ ಕಷ್ಟ ಬರೆಯುತ್ತಿದ್ದೆ! ಅವಳೇ ಹೇಳಿದಳು, "ಮೇಡಂ, ನಿಮ್ ಗೇಮಲ್ಲಿ ಮುಷ್ಕರ ನೂರಾರು ಸಲ ಮಾಡಿದೀನಿ. ನಂಗೆ ಬಾಯ್ಪಾಠ ಆಗಿದೆ. ನಿಜಕ್ಕೂ ಮಾಡೋಣ್ವಾ?"

ಚಿತ್ರ ಬಿಡಿಸುವ ವಾದಿರಾಜ ಮೊದಲು ಹೆದರಿದ, ಆಮೇಲೆ ಬಂದ. ಉಳಿದವರೂ ಬಂದರು. ದೀಪಾವಳಿ ಕಳೆದ ಮೇಲೆ ಎಲ್ಲರೂ ಬಂದು ಕುರ್ಚಿಯಲ್ಲಿ ಸುಮ್ಮನೆ ಕೂತೆವು. ವಿಜಯೇಂದ್ರ ಕೂಗಾಡಿದ, ಪುಣೆಗೆ ಫೋನ್ ಮಾಡಿದ, ಒಬ್ಬೊಬ್ಬರನ್ನೇ ಒಳಗೆ ಕರೆದು ಸಂಬಳ ಜಾಸ್ತಿ ಮಾಡುತ್ತೇನೆಂದ. ತನುಜಾ ಒಳಗೆ ಹೋಗಿ ಬಂದು ಅವನು ಹೇಳಿದ್ದನ್ನೆಲ್ಲ ಎಲ್ಲರ ಮುಂದೆ ಜೋರಾಗಿ ಹೇಳಿದಳು. ಅಲ್ಲಿಗೆ ಅವನು ಮೆತ್ತಗಾದ.

ಸಿಕ್ಕಿದ್ದು ಇಷ್ಟು. ಎಲ್ಲರಿಗೂ ನೇಮಕದ ಕಾಗದ. ಚಾಚಾ ದನಿ ಗೇಮಿನಿಂದ ಹೊರಗೆ, ಬೇರೆ ದನಿ ಬರುತ್ತದೆ. ಆ ಪಾತ್ರದ ಹೆಸರು ಬದಲು, ಟೋಪಿ, ಸುರ್ಮಾ, ಜನಾಬ್ ಎಲ್ಲ ಇಲ್ಲ. ಈಗಿರುವ ಫೋನುಗಳಲ್ಲೂ ಹೊಸ ಅಪ್‌ಡೇಟಿನ ಜೊತೆ ಅಳಿಸಿಹೋಗುತ್ತದೆ.

ತಿರುವನ್ನು ಮಾತ್ರ ತೆಗೆಸಲು ಆಗಲಿಲ್ಲ. ಮುಖಂಡ ಗೇಟು ತೆಗೆಯುತ್ತಾನೆ. ಅದನ್ನು ಬಿಡುವುದಿಲ್ಲ ಅಂದರು. ನಾನು ಒಪ್ಪಿದೆ. ಬೈಯುವುದಾದರೆ ಬೈಯಿ.

ಇನ್ನು ಮುಖ್ಯವಾದದ್ದು. ಚಾಚಾ ಹೇಳಿದ ಮೂಲ ರೆಕಾರ್ಡಿಂಗ್, ಯಂತ್ರಕ್ಕೆ ಕಲಿಸಿದ ದನಿ, ಎಲ್ಲವನ್ನೂ ನನ್ನ ಕೈಗೆ ಕೊಟ್ಟಿದ್ದಾರೆ. ಬೇರೆ ಕಡೆ ಎಲ್ಲೂ ಇಲ್ಲ, ನಾನೂ ತನುಜಾನೂ ನೋಡಿ ಖಾತ್ರಿ ಮಾಡಿಕೊಂಡಿದ್ದೇವೆ. ಅದನ್ನು ಏನು ಮಾಡಲಿ? ಅಳಿಸಲಾ? ಮೂಲವನ್ನು ಮಾತ್ರ ಉಳಿಸಿ ನಿಮಗೆ ತಂದುಕೊಡಲಾ? ಚಾಚಾನ ಕೇಳಿ ಹೇಳು.

ಶಾಂಭವಿ


ಓಲ್ಡ್ ಟೌನ್, ಭದ್ರಾವತಿ
9 ನವೆಂಬರ್ 2025

ಶಾಂಭವಿ,

ತನುಜಾಗೆ ನನ್ನ ಸಲಾಂ ಹೇಳು. ನಿನಗೆ ಇನ್ನೂ ಇಲ್ಲ.

ಅಬ್ಬಾನ ಕೇಳಿದೆ. ಯೋಚಿಸಲೂ ಇಲ್ಲ. "ಅಳಿಸು. ಒಂದೂ ಬೇಡ." ನಾನು ಮೂಲ ರೆಕಾರ್ಡಿಂಗಾದರೂ ಇರಲಿ ಅಬ್ಬಾ, ಅದು ನೀವೇ ಹೇಳಿದ್ದಲ್ವಾ ಅಂದೆ. "ಅದು ಇದ್ರೆ ತಾನೇ ಇದು ಹುಟ್ಟಿದ್ದು" ಅಂತ ಬರೆದರು. ನಮ್ಮ ಮನೆಯಲ್ಲೇ ಇರುತ್ತೆ, ಯಾರ ಕೈಗೂ ಕೊಡಲ್ಲ ಅಂದೆ. "ನಾವು ಸತ್ತ ಮೇಲೆ?" ಅಂತ ಬರೆದರು. ಮಾತಿಗೆ ಮಾತು ಬೆಳೆಯಿತು. ನಾನು ಕಿರುಚುವುದು, ಅವರು ಬರೆಯುವುದು. ಬಳಪ ಮುರಿಯಿತು. ಅಮ್ಮಿ ಅಡುಗೆಮನೆಯಿಂದ ಬಂದು ಇಬ್ಬರಿಗೂ ಬೈದಳು. ಎರಡು ದಿನ ಅವರು ನನ್ನ ಕಡೆ ನೋಡಲಿಲ್ಲ.

ಹಾಗಾಗಿ ಅಬ್ಬಾ ಹೇಳಿದ್ದು ಅಳಿಸು ಅಂತ.

ಈಗ ನಾನು ಹೇಳುವುದು. ಅಳಿಸುವ ಮುಂಚೆ ನನಗೊಂದು ಕಾಪಿ ಮಾಡು. ಪೆನ್‌ಡ್ರೈವಿಗೆ ಹಾಕಿ ಅಂಗಡಿಯ ವಿಳಾಸಕ್ಕೆ ಕಳಿಸು, ಮನೆಗೆ ಬೇಡ. ಅಬ್ಬಾಗೆ ಗೊತ್ತಾಗುವುದು ಬೇಡ.

ನನ್ನ ಫೋನಿನಲ್ಲಿ ಅವರ ದನಿ ಇಲ್ಲವೆಂದಲ್ಲ. "ಹಾಲು ತಗೊಂಡು ಬಾ." "ಬಸ್ ಸಿಕ್ತಾ?" "ಅಮ್ಮಿ ಕರೀತಿದ್ದಾಳೆ." ಇಷ್ಟೇ. ಗೇಟು ದನಿ ಇಲ್ಲ. ಚಿಕ್ಕವಳಿದ್ದಾಗ ಅಮ್ಮಿ ಜೊತೆ ಬುತ್ತಿ ತಗೊಂಡು ಹೋದಾಗ ದೂರದಿಂದಲೇ ಕೇಳುತ್ತಿತ್ತಲ್ಲ, ಆ ದನಿ. ಮನೆಯಲ್ಲಿ ಪಿಸುಗುಡುವ ಮನುಷ್ಯ ಅಲ್ಲಿ ನಿಂತು ಅಷ್ಟು ಜನರನ್ನು ಒಂದು ಮಾತಿನಲ್ಲಿ ನಿಲ್ಲಿಸುತ್ತಿದ್ದರು. ನಾನು ಅಮ್ಮಿಯ ಸೆರಗು ಹಿಡಿದುಕೊಂಡು "ಅದು ನಮ್ಮಬ್ಬಾ" ಅಂತ ಪಕ್ಕದವರಿಗೆಲ್ಲ ಹೇಳುತ್ತಿದ್ದೆ. ಅದು ನನಗೆ ಬೇಕು. ಅದರ ಮೇಲೆ ನನಗೂ ಹಕ್ಕಿದೆ.

ಇಷ್ಟು ಮಾಡು, ನಾನು ನಿನ್ನ ಮೇಲಿನ ಸಿಟ್ಟನ್ನೆಲ್ಲ ಬಿಡುತ್ತೇನೆ.

ನಿನ್ನ
ಹುಮಾ


ಶಿವಮೊಗ್ಗ
15 ನವೆಂಬರ್ 2025

ಹುಮಾ,

ಇಲ್ಲ.

ಪೆನ್‌ಡ್ರೈವ್ ತಂದೆ. ಹಾಕಿದೆ. ಕಾಪಿ ಮಾಡಲು ಒಂದು ನಿಮಿಷ ಸಾಕು. ನಿನ್ನ ಕಾಗದದ ಕೊನೆಯ ಸಾಲು ನೋಡಿ ನಾನು ಎಷ್ಟು ಅತ್ತೆ ಅಂತ ನಿನಗೆ ಗೊತ್ತಿಲ್ಲ. ಆಗಸ್ಟಿನಿಂದ ಆ ಒಂದು ಮಾತಿಗೆ ಕಾಯುತ್ತಿದ್ದೆ.

ಆದರೆ ನೀನು ಏನು ಕೇಳುತ್ತಿದ್ದೀಯ ನೋಡು. ಚಾಚಾಗೆ ಗೊತ್ತಾಗದ ಹಾಗೆ ಅವರ ದನಿ ತೆಗೆದುಕೊಡು ಅಂತ. ಅವರು ಬೇಡವೆಂದ ಮೇಲೆ. ಅವರ ಒಳ್ಳೆಯದಕ್ಕೇ, ಪ್ರೀತಿಗೇ. ನಾನೂ ಆ ದಿನ ಹಾಗೇ ಅಂದುಕೊಂಡಿದ್ದೆ ಕಣೇ. ವಿಜಯೇಂದ್ರನ ಕೆಲಸವನ್ನೇ ನೀನೂ ನನ್ನ ಕೈಲಿ ಮಾಡಿಸಬೇಡ. ಈ ಸಲ ಕೇಳದೆ ಮಾಡುವುದಿಲ್ಲ.

ಇಪ್ಪತ್ತಮೂರಕ್ಕೆ, ಭಾನುವಾರ, ಲ್ಯಾಪ್‌ಟಾಪ್ ತಗೊಂಡು ನಾನೇ ಬರುತ್ತೇನೆ. ಮಲವಗೊಪ್ಪದಲ್ಲಿ ಇಳಿಯುವುದಿಲ್ಲ. ಅವರ ಮುಂದೆ ಇಡುತ್ತೇನೆ. ನೀನು ಅವರನ್ನು ಕೇಳು, ಕಾಡು, ಅಳು. ಅವರು ಹೂಂ ಅಂದರೆ ಅಲ್ಲೇ ಕಾಪಿ ಮಾಡಿಕೊಡುತ್ತೇನೆ. ಇಲ್ಲ ಅಂದರೆ ಅಲ್ಲೇ ಅಳಿಸುತ್ತೇನೆ.

ಬಾಗಿಲು ತೆಗೆಯದಿದ್ದರೆ ಜಗಲಿಯ ಮೇಲೆ ಕೂರುತ್ತೇನೆ.

ಶಾಂಭವಿ


ಓಲ್ಡ್ ಟೌನ್, ಭದ್ರಾವತಿ
25 ನವೆಂಬರ್ 2025

ಶಾಂಭವಿ,

ಮೊನ್ನೆ ಇಡೀ ದಿನ ನಮ್ಮ ಮನೆಯಲ್ಲಿದ್ದವಳಿಗೆ ಮತ್ತೇಕೆ ಕಾಗದ ಅಂತೀಯ. ನೀನು ಹೋದ ಮೇಲೆ ಆದದ್ದು ನಿನಗೆ ಗೊತ್ತಿಲ್ಲ. ಅದನ್ನು ಹೇಳಬೇಕು.

ಅದಕ್ಕೆ ಮೊದಲು, ನಿನ್ನ ಎದುರು ಬಾಯಿಗೆ ಬರದೆ ಇದ್ದದ್ದು. ನಿನ್ನ 'ಇಲ್ಲ' ಓದಿದಾಗ ಕಾಗದವನ್ನು ಒಲೆಗೆ ಹಾಕಲು ಹೋಗಿದ್ದೆ. ನೀನು ಹೇಳಿದ್ದು ಸರಿ ಅನ್ನುವುದಕ್ಕೇ ಅಷ್ಟು ಸಿಟ್ಟು. ನನ್ನನ್ನು ವಿಜಯೇಂದ್ರನ ಪಕ್ಕ ನಿಲ್ಲಿಸಿದೆಯಲ್ಲ, ಅದನ್ನು ನಾನು ಬೇಗ ಮರೆಯುವುದಿಲ್ಲ.

ನೀನು ಲ್ಯಾಪ್‌ಟಾಪ್ ಮಂಚದ ಮೇಲಿಟ್ಟು ದನಿ ಹಾಕಿದಾಗ ನಾನು ಅಬ್ಬಾನ ನೋಡುತ್ತಿರಲಿಲ್ಲ, ಅಮ್ಮಿಯನ್ನು ನೋಡುತ್ತಿದ್ದೆ. ಅವಳು ಸೆರಗನ್ನು ತಲೆ ಮೇಲೆ ಎಳೆದುಕೊಂಡಳು, ಗಂಡ ಹೊರಗಿನಿಂದ ಒಳಗೆ ಬಂದಾಗ ಎಳೆದುಕೊಳ್ಳುವ ಹಾಗೆ. ಅವರು ಪಕ್ಕದಲ್ಲೇ ಕೂತಿದ್ದರು. ನಾನು ಕೇಳಿದೆ, ಕಾಡಿದೆ, ನೀನು ಹೇಳಿದ ಹಾಗೆ ಅತ್ತೂ ನೋಡಿದೆ. ಅಬ್ಬಾ ನನ್ನ ತಲೆ ಸವರಿದರು, ಇಲ್ಲ ಅಂತ ಕತ್ತು ಆಡಿಸಿದರು, ತಾವೇ ಬಟನ್ ಒತ್ತಿದರು. ಯಂತ್ರ ಖಂಡಿತವಾಗಿಯೂ ಅಳಿಸಬೇಕಾ ಅಂತ ಕೇಳಿದ್ದಕ್ಕೆ ಅದನ್ನೂ ಗದರಿಸುವ ಹಾಗೆ ಮತ್ತೊಮ್ಮೆ ಒತ್ತಿದರು. ಹೋಯಿತು.

ನೀನು ಅತ್ತೆ. ನನಗೆ ಅಳು ಬರಲಿಲ್ಲ. ಮನೆ ಎಷ್ಟು ಖಾಲಿಯಾಯಿತೆಂದರೆ ಅಮ್ಮಿ ಟೀ ಸೋಸುವ ಸದ್ದು ಜೋರಾಗಿ ಕೇಳಿಸಿತು. ಆ ಟೀ ಕುಡಿಯುತ್ತಾ ನೀನು ಹೇಳಿದೆ, ಹೊಸ ದನಿ ಸಿಕ್ಕಿದೆ, ಶಿವಮೊಗ್ಗದಲ್ಲಿ ಆಟೋಗೆ ಮೈಕು ಕಟ್ಟಿಕೊಂಡು ಸೀರೆ ಸೇಲು, ನಾಟಕ, ಸಾವಿನ ಸುದ್ದಿ ಎಲ್ಲ ಸಾರುವ ಮುರುಗೇಶಪ್ಪ ಅಂತ, ಗಂಟೆ ಹೊಡೆದ ಹಾಗಿದೆ ದನಿ, ಕೇಳಿದ ಕೂಡಲೇ ಖುಷಿಯಿಂದ ಒಪ್ಪಿದ್ದಾನೆ, ಡಿಸೆಂಬರ್ ಒಂದು, ಸೋಮವಾರ ಸಹಿ ಅಂತ. ನಾನೂ ಒಳ್ಳೆಯದಾಯ್ತು ಅಂದೆ. ಪೀಡೆ ತೊಲಗಿತು ಅನ್ನಿಸಿತ್ತು.

ನೀನು ಬಸ್ಸು ಹತ್ತಿದ ಮೇಲೆ ಅಬ್ಬಾ ಸ್ಲೇಟು ತಗೊಂಡರು. "ಆ ಮುರುಗೇಶಪ್ಪನಿಗೆ ಏನು ಹೇಳಿಸ್ತಾರೆ ಅಂತ ಅವನಿಗೆ ಹೇಳಿದೀರಾ?"

ನಾನು ಇಲ್ಲ, ಅದು ಅವರ ಆಫೀಸಿನ ವಿಷಯ ಅಂದೆ. ಅಬ್ಬಾ ನನ್ನನ್ನು ನೋಡಿದ ರೀತಿ ಇದೆಯಲ್ಲ, ಶಾಂಭವಿ, ಹೊಡೆದಿದ್ದರೆ ಚೆನ್ನಾಗಿತ್ತು. ಬಳಪ ಒತ್ತಿ ಒತ್ತಿ ಬರೆದರು:

"ನನ್ನ ಗಂಟಲು ಬಿಡಿಸ್ಕೊಂಡು ಇನ್ನೊಬ್ಬನ ಗಂಟಲು ಕೊಟ್ಟು ಬಂದ್ರಾ?"

ನಾಲ್ಕು ತಿಂಗಳು ನಿನಗೆ ಬೈದವಳು ನಾನು. ನಿನ್ನ ಒಂದೊಂದು ಸಾಲಿನಲ್ಲೂ ತಪ್ಪು ಹುಡುಕಿದೆ. ಬೇರೆ ದನಿ ಬರುತ್ತದೆ ಅಂತ ನೀನು ಬರೆದಾಗ ಆ ದನಿಗೂ ಒಂದು ಬೀದಿ ಇದೆ, ಅವನನ್ನೂ ಹುಡುಗರು ಕರೆದು ತಮಾಷೆ ಮಾಡುತ್ತಾರೆ, ಅವನ ಮಗಳೂ ಕೇಳಿಸಿಕೊಳ್ಳುತ್ತಾಳೆ ಅನ್ನುವುದು ನನ್ನ ತಲೆಗೇ ಬರಲಿಲ್ಲ. ನಿನ್ನ ತಲೆಗೂ ಬರಲಿಲ್ಲ. ಅಬ್ಬಾ ಒಬ್ಬರನ್ನು ಬಿಟ್ಟು ಎಲ್ಲರೂ ಗೆದ್ದೆವೆಂದು ಟೀ ಕುಡಿಯುತ್ತಿದ್ದೆವು. ಥೂ ನಮ್ಮ ಜನ್ಮಕ್ಕೆ.

ಶನಿವಾರ ಬೆಳಿಗ್ಗೆ ನಾನೂ ಅಬ್ಬಾನೂ ಶಿವಮೊಗ್ಗಕ್ಕೆ ಬರುತ್ತೇವೆ. ಅಷ್ಟರಲ್ಲಿ ಮುರುಗೇಶಪ್ಪನ ಮನೆ ಎಲ್ಲಿ ಅಂತ ಹುಡುಕಿಡು. ಅವನು ಸಹಿ ಹಾಕಬೇಕಾಗಿರುವ ಕಾಗದವನ್ನೂ, ಅವನಿಂದ ಹೇಳಿಸಲಿರುವ ಮಾತುಗಳನ್ನೂ ಪೂರ್ತಿ ತಗೊಂಡು ಬಾ. ಎಲ್ಲ ಗೊತ್ತಿದ್ದೂ ಹೇಳುತ್ತೇನೆ ಅಂದರೆ ಅದು ಅವನಿಷ್ಟ. ಅಬ್ಬಾ ಅವನ ಎದುರು ಕೂತು ತಮಗೆ ಏನಾಯಿತೆಂದು ಸ್ಲೇಟಿನಲ್ಲಿ ಬರೆಯುತ್ತಾರಂತೆ. ಅವನಿಗೆ ಓದಲು ಬರುತ್ತದೋ ಇಲ್ಲವೋ ಗೊತ್ತಿಲ್ಲ. ಅಬ್ಬಾ ಬರೆದದ್ದನ್ನು ಬರೆದ ಹಾಗೇ, ಒಂದು ಮಾತೂ ಬಿಡದೆ, ನೀನು ಗಟ್ಟಿಯಾಗಿ ಓದಿ ಹೇಳಬೇಕು.

ಹುಮಾ